ಮುಲಾಮು ಹಚ್ಚುವ ಮುನ್ನ
(ಬಾನುಲಿ ಭಾಷಣ)



ಭಟ್ಕಳದ ಮುಟ್ಟಳ್ಳಿಯಿಂದ ಹಿಡಿದು ಹೊನ್ನಾವರ, ಕುಮಟಾದವರೆಗಿನ ನಮ್ಮ ಕರಾವಳಿಯಲ್ಲಿ ಮೈ ತುರಿಸಿಕೊಳ್ಳದ ಮನುಷ್ಯ ಸಿಗುವುದು ಕಷ್ಟ. ವರ್ಷದಲ್ಲಿ ನಾಲ್ಕು ತಿಂಗಳು ಮಳೆ, ಉಳಿದ ದಿನಗಳಲ್ಲಿ ಬೆವರು. ಆಷಾಢದಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗದು. ಗಜಕರ್ಣ, ಕಜ್ಜಿ, ಚಿಬ್ಬು, ಬೆವರುಸಾಲೆ, ಗಂಧೆ ಎಲ್ಲವೂ ಮನೆಮನೆಯಲ್ಲಿ ಪರಿಚಿತ. ಹಾಗಾಗಿ ಮೈಮೇಲೆ ಏನೇ ಎದ್ದರೂ ಕಾರಣ ನಮ್ಮ ನಾಲಿಗೆಯ ತುದಿಯಲ್ಲೇ ಇರುತ್ತದೆ: ‘ಉಷ್ಣ ಆಗಿದೆ’, ‘ಪಿತ್ತ ಎದ್ದಿದೆ’, ‘ನಿನ್ನೆಯ ಸೀಗಡಿ ನಂಜಾಯಿತು’. ಪೇಟೆಗೆ ಹೋದವರ ಕೈಯಲ್ಲಿ ಒಂದು ಟ್ಯೂಬು ಮುಲಾಮು ತರಿಸಿ ಹಚ್ಚಿದರೆ ಅಲ್ಲಿಗೆ ಆ ಮಾತು ಮುಗಿಯಿತು.

ಬಹುಪಾಲು ದದ್ದುಗಳು ಚರ್ಮದವೇ, ಚರ್ಮದಲ್ಲೇ ಹುಟ್ಟಿ ಅಲ್ಲೇ ಮುಗಿಯುತ್ತವೆ. ಅವುಗಳಿಂದ ಪ್ರಾಣಕ್ಕೆ ತೊಂದರೆಯಿಲ್ಲ. ಆದರೆ ಅವುಗಳ ನಡುವೆ ಅಪರೂಪಕ್ಕೆ ಬರುವ ಕೆಲವು ಗುರುತುಗಳಿವೆ. ಅವುಗಳ ಬೇರು ರಕ್ತದಲ್ಲೋ, ಲಿವರಿನಲ್ಲೋ, ಕಿಡ್ನಿಯಲ್ಲೋ, ಇನ್ನೂ ಪತ್ತೆಯಾಗದ ಒಂದು ಗಡ್ಡೆಯಲ್ಲೋ ಇರುತ್ತದೆ. ಒಳಗಿನ ಕಾಯಿಲೆ ನೋವಾಗಿ ಕಾಡುವ ಮೊದಲೇ ಮೈಮೇಲೆ ಸುದ್ದಿ ಮುಟ್ಟಿಸುತ್ತದೆ. ಆ ಸುದ್ದಿಯನ್ನು ಓದುವ ಮೊದಲೇ ಅಳಿಸಿಬಿಡಬೇಡಿ ಎಂಬುದೇ ಈ ಹೊತ್ತು ನಿಮ್ಮಲ್ಲಿ ನನ್ನ ವಿನಂತಿ.

ಒಳಗಿನದು ಹೊರಗೆ ಕಾಣುವುದು ಹೇಗೆ? ವಯಸ್ಕರೊಬ್ಬರ ಚರ್ಮವನ್ನು ಬಿಡಿಸಿ ಹಾಸಿದರೆ ಸುಮಾರು 1.5ರಿಂದ 2 ಚದರ ಮೀಟರ್ ಆಗುತ್ತದೆ. ಅಷ್ಟೂ ಜಾಗದಲ್ಲಿ ಸಣ್ಣ ರಕ್ತನಾಳಗಳು, ನರದ ತುದಿಗಳು, ರೋಗನಿರೋಧಕ ಕಣಗಳು ತುಂಬಿಕೊಂಡಿವೆ. ಹೃದಯದ ಕವಾಟಕ್ಕೆ ಸೋಂಕು ತಗುಲಿದರೆ ಅಲ್ಲಿಂದ ಕಳಚಿದ ಸಣ್ಣ ಚೂರುಗಳು ರಕ್ತದೊಡನೆ ಹರಿದು ಬೆರಳ ತುದಿಯಲ್ಲಿ, ಅಂಗೈಯಲ್ಲಿ, ಉಗುರಿನ ಅಡಿಯಲ್ಲಿ ಚುಕ್ಕೆಗಳಾಗಿ ಕಾಣಿಸುತ್ತವೆ. ಪಿತ್ತರಸದ ಹರಿವಿಗೆ ತಡೆಯಾದರೆ, ಕಿಡ್ನಿ ಸೋತರೆ, ದದ್ದೇ ಇಲ್ಲದೆ ಮೈಯೆಲ್ಲ ತುರಿಕೆ ಶುರುವಾಗುತ್ತದೆ. ಕೆಲವು ಗಡ್ಡೆಗಳು ರಕ್ತಕ್ಕೆ ಬಿಡುವ ರಸಾಯನಗಳು ದೂರದ ಚರ್ಮವನ್ನು ಕೆಡಿಸುತ್ತವೆ. ಇನ್ನು ಕೆಲವು ಕಾಯಿಲೆಗಳಲ್ಲಿ ದೇಹದ ರಕ್ಷಣಾ ವ್ಯವಸ್ಥೆ ದಾರಿತಪ್ಪಿ ತನ್ನದೇ ಚರ್ಮ, ಸ್ನಾಯು, ಕಿಡ್ನಿಗಳ ಮೇಲೆ ಒಟ್ಟಿಗೇ ತಿರುಗಿ ಬೀಳುತ್ತದೆ. ಕಿಡ್ನಿ ಕಣ್ಣಿಗೆ ಕಾಣದು, ಚರ್ಮ ಕಾಣುತ್ತದೆ.

ಗಂಟೆ, ದಿನಗಳಲ್ಲಿ ಏರುವ ಕಾಯಿಲೆಗಳಿಂದ ಶುರು ಮಾಡುತ್ತೇನೆ. ನಮ್ಮ ಭಾಗದವರು ಮೊದಲು ತಿಳಿದಿರಬೇಕಾದದ್ದು ಸ್ಕ್ರಬ್ ಟೈಫಸ್.

ಮಳೆ ಹಿಂದೆಗೆದು ಗದ್ದೆ ಕೊಯ್ಲಿಗೆ ಬರುವ ಹೊತ್ತು. ಹುಲ್ಲು ಕೊಯ್ಯುವವರು, ಸೊಪ್ಪಿನ ಬೆಟ್ಟಕ್ಕೆ ಹೋಗುವವರು, ತೋಟದ ಕಳೆ ತೆಗೆಯುವವರು ಪೊದೆಯಲ್ಲಿ ಕೂತೆದ್ದು ಓಡಾಡುತ್ತಾರೆ. ಅಲ್ಲಿ ಕಣ್ಣಿಗೆ ಕಾಣಿಸದಷ್ಟು ಸಣ್ಣ ನುಸಿಯ ಮರಿಯೊಂದು ಕಚ್ಚುತ್ತದೆ. ಅದಕ್ಕೆ ಚಿಗರ್ ಎನ್ನುತ್ತಾರೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಹತ್ತು ದಿನದ ಆಸುಪಾಸಿನಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು. ‘ವೈರಲ್ ಫೀವರ್ ಇರಬೇಕು’ ಎಂದು ಮಾತ್ರೆ ನುಂಗುತ್ತಾರೆ. ಜ್ವರ ಇಳಿಯುವುದಿಲ್ಲ. ಒಂದು ವಾರ ದಾಟುವಷ್ಟರಲ್ಲಿ ಕೆಮ್ಮು, ಏದುಸಿರು, ಮೂತ್ರ ಕಡಿಮೆಯಾಗುವುದು, ಕೆಲವರಲ್ಲಿ ಮಂಪರು. ಇದಕ್ಕೆ ಕಾರಣವಾದ ಒರಿಯೆಂಟಿಯಾ ಎಂಬ ಬ್ಯಾಕ್ಟೀರಿಯ ರಕ್ತನಾಳಗಳ ಒಳಗೋಡೆಯನ್ನೇ ಹಿಡಿಯುತ್ತದೆ. ಆದ್ದರಿಂದ ಶ್ವಾಸಕೋಶ, ಕಿಡ್ನಿ, ಲಿವರ್, ಮಿದುಳು ಒಂದಾದ ಮೇಲೊಂದು ಸೋಲುತ್ತವೆ.

ಈ ರೋಗಿಯ ಮೈಮೇಲೆ ಒಂದು ಗುರುತು ಇರಬಹುದು. ಚಿಗರ್ ಕಚ್ಚಿದ ಜಾಗದಲ್ಲಿ ಮೊದಲು ಸಣ್ಣ ಗುಳ್ಳೆ, ಆಮೇಲೆ ಅದು ಒಡೆದು ಕಪ್ಪು ಹಕ್ಕಳೆ. ಬೀಡಿಯ ಕೆಂಡ ತಾಗಿ ಸುಟ್ಟ ಹಾಗೆ, ದುಂಡಗೆ, ನಡುವೆ ಕಪ್ಪು, ಸುತ್ತ ಕೆಂಪು ಅಂಚು. ಅರ್ಧ ಸೆಂಟಿಮೀಟರಿನಿಂದ ಒಂದೆರಡು ಸೆಂಟಿಮೀಟರಿನಷ್ಟು ಅಗಲ. ನೋವಿಲ್ಲ, ತುರಿಕೆಯಿಲ್ಲ, ಆದ್ದರಿಂದ ರೋಗಿಗೇ ಅದರ ಅರಿವಿರುವುದಿಲ್ಲ. ಅದು ಇರುವ ಜಾಗಗಳೂ ಅಂಥವೇ: ಕಂಕುಳು, ತೊಡೆಸಂದು, ಸೊಂಟದಲ್ಲಿ ಬಟ್ಟೆ ಬಿಗಿಯಾಗಿ ಕೂರುವಲ್ಲಿ, ಹೆಂಗಸರಲ್ಲಿ ಸ್ತನದ ಅಡಿ, ಕಿವಿಯ ಹಿಂದೆ, ಬೆನ್ನಿನ ಕೆಳಗೆ. ಸಂಕೋಚ ಬಿಟ್ಟು ಬಟ್ಟೆ ಸರಿಸಿ ಹುಡುಕಿದರೆ ಮಾತ್ರ ಸಿಗುತ್ತದೆ. ಎಲ್ಲರಲ್ಲೂ ಇದು ಇರುವುದಿಲ್ಲ. ಇಲ್ಲವೆಂದ ಮಾತ್ರಕ್ಕೆ ಕಾಯಿಲೆಯೂ ಇಲ್ಲ ಎನ್ನುವಂತಿಲ್ಲ. ಆದರೆ ಜ್ವರದ ರೋಗಿಯ ಕಂಕುಳಲ್ಲಿ ಆ ಕಪ್ಪು ಹಕ್ಕಳೆ ಕಂಡಿತೆಂದರೆ ಪ್ರಯೋಗಾಲಯದ ವರದಿಗೆ ಕಾಯದೆ ಚಿಕಿತ್ಸೆ ಶುರುಮಾಡಬಹುದು. ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಹಳೆಯ ಔಷಧಕ್ಕೆ ಈ ಜ್ವರ ಸಾಮಾನ್ಯವಾಗಿ ಎರಡು ದಿನದೊಳಗೆ ಬಗ್ಗುತ್ತದೆ. ಜ್ವರಕ್ಕೆಂದು ನಾವು ಕೇಳಿ ತರುವ ಅಮಾಕ್ಸಿಸಿಲಿನ್ ಇಲ್ಲಿ ಕೆಲಸ ಮಾಡದು. ಕಾಯಿಲೆ ತೀವ್ರವಾದವರಿಗೆ ಡಾಕ್ಸಿಸೈಕ್ಲಿನ್ ಮತ್ತು ಅಜಿತ್ರೋಮೈಸಿನ್ ಎರಡನ್ನೂ ರಕ್ತನಾಳದ ಮೂಲಕ ಕೊಡುವುದು ಹೆಚ್ಚು ಫಲಕಾರಿ ಎಂದು ನಮ್ಮ ದೇಶದ ಆಸ್ಪತ್ರೆಗಳಲ್ಲೇ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ.

ಹೊನ್ನಾವರ, ಸಿದ್ದಾಪುರದ ಕಡೆಯವರಿಗೆ ಕಾಡಿನಿಂದ ಬರುವ ಇನ್ನೊಂದು ಜ್ವರ ಗೊತ್ತು, ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಗುರುತಾದ ಆ ವೈರಸ್ ಉಣುಗಿನ ಕಡಿತದಿಂದ ಬರುತ್ತದೆ, ಹೆಚ್ಚಾಗಿ ಚಳಿಗಾಲದಿಂದ ಬೇಸಿಗೆಯವರೆಗೆ. ಅದರಲ್ಲಿ ಈ ಕಪ್ಪು ಹಕ್ಕಳೆ ಇರುವುದಿಲ್ಲ, ಡಾಕ್ಸಿಸೈಕ್ಲಿನ್ ನಾಟುವುದೂ ಇಲ್ಲ. ಕಾಡಿಗೆ ಹೋಗಿ ಬಂದವರ ಜ್ವರ ಎರಡರಲ್ಲಿ ಯಾವುದು ಎಂದು ನಿರ್ಧರಿಸುವಾಗ ಕಂಕುಳಲ್ಲಿ ಸಿಕ್ಕ ಒಂದು ಗುರುತಿಗೆ ಬಹಳ ಬೆಲೆ. ಆದ್ದರಿಂದ ವೈದ್ಯರ ಬಳಿ ಹೋದಾಗ ‘ದರಕು ತರಲು ಹೋಗಿದ್ದೆ’, ‘ಹುಲ್ಲು ಕೊಯ್ದಿದ್ದೆ’ ಎಂಬ ಮಾತನ್ನು ಕೇಳದಿದ್ದರೂ ಹೇಳಿ.

ಎರಡನೆಯದು ಮಳೆಗಾಲದ್ದು, ಕೆಸರಿನದ್ದು. 2022ರ ಆಗಸ್ಟ್ ಮೊದಲ ವಾರದ ಮಹಾಮಳೆಯನ್ನು ಮುಟ್ಟಳ್ಳಿಯವರು ಮರೆಯುವಂತಿಲ್ಲ. ಗುಡ್ಡ ಜರಿದು ಒಂದೇ ಮನೆಯ ನಾಲ್ವರು ಮಡಿದರು, ಭಟ್ಕಳ ಪೇಟೆಯೊಳಗೆ ನೀರು ನುಗ್ಗಿತು. ಅಂಥ ಮಳೆಯ ದಿನಗಳಲ್ಲಿ ಮಣ್ಣಿನ ಆಳದಲ್ಲಿರುವ ಬರ್ಕೋಲ್ಡೇರಿಯಾ ಎಂಬ ಬ್ಯಾಕ್ಟೀರಿಯ ನೀರಿನೊಡನೆ ಮೇಲಕ್ಕೆ ಬರುತ್ತದೆ. ಕಾಲಿನ ಗಾಯದಿಂದಲೋ ಉಸಿರಿನಿಂದಲೋ ಮೈ ಸೇರುತ್ತದೆ. ಅದು ತರುವ ಕಾಯಿಲೆ ಮೆಲಿಯಾಯ್ಡೋಸಿಸ್. 1911ರ ಸುಮಾರಿಗೆ ರಂಗೂನಿನಲ್ಲಿ ವಿಟ್‌ಮೋರ್ ಮತ್ತು ಅವರ ಜೊತೆಗಿದ್ದ ಕೃಷ್ಣಸ್ವಾಮಿ ಎಂಬ ವೈದ್ಯರು ಇದನ್ನು ಮೊದಲು ಗುರುತಿಸಿದರು. ಬಹಳ ಕಾಲ ಇದು ಥಾಯ್ಲೆಂಡ್, ಉತ್ತರ ಆಸ್ಟ್ರೇಲಿಯಾಗಳ ರೋಗ ಎಂದೇ ಎಲ್ಲರೂ ತಿಳಿದಿದ್ದರು. ನಮ್ಮ ಕರಾವಳಿಯಲ್ಲೂ ಇದು ಬೀಡುಬಿಟ್ಟಿದೆ ಎಂಬುದನ್ನು ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವೈದ್ಯರು ವರ್ಷಗಟ್ಟಲೆ ರೋಗಿಗಳನ್ನು ಪರೀಕ್ಷಿಸಿ ತೋರಿಸಿಕೊಟ್ಟಿದ್ದಾರೆ.

ಇದು ಹೆಚ್ಚು ಕಾಡುವುದು ಸಕ್ಕರೆ ಕಾಯಿಲೆಯವರನ್ನು. ಗದ್ದೆ ಕೆಲಸದವರ ಕಾಲಿನಲ್ಲೋ ಬೆನ್ನಿನಲ್ಲೋ ಒಂದು ಕುರು ಏಳುತ್ತದೆ. ಕೀವು ತೆಗೆಸುತ್ತಾರೆ, ಮಾತ್ರೆ ನುಂಗುತ್ತಾರೆ, ಒಣಗಿದ ಹಾಗೆ ಕಂಡು ಮತ್ತೆ ಕೀವಾಗುತ್ತದೆ. ಜೊತೆಗೆ ಸಂಜೆ ಜ್ವರ, ತೂಕ ಇಳಿತ. ಹೊರಗಿನ ಆ ಕುರುವಿನ ಹಾಗೆಯೇ ಒಳಗೆ ಲಿವರಿನಲ್ಲಿ, ಗುಲ್ಮದಲ್ಲಿ, ಶ್ವಾಸಕೋಶದಲ್ಲಿ ಕೀವಿನ ಗೂಡುಗಳು ಆಗಿರಬಹುದು. ಲಕ್ಷಣಗಳು ಕ್ಷಯದಂತೆಯೇ ಇರುವುದರಿಂದ ತಿಂಗಳುಗಟ್ಟಲೆ ಕ್ಷಯದ ಔಷಧ ತಿಂದವರೂ ಇದ್ದಾರೆ. ಸಾಮಾನ್ಯ ಆಂಟಿಬಯೋಟಿಕ್‌ಗಳಿಗೆ ಇದು ಬಗ್ಗದು. ಆಸ್ಪತ್ರೆಯಲ್ಲಿದ್ದು ಕನಿಷ್ಠ ಎರಡು ವಾರ ಇಂಜೆಕ್ಷನ್, ಆಮೇಲೆ ಮೂರು ತಿಂಗಳಾದರೂ ಮಾತ್ರೆ ಬೇಕು. ಕೀವನ್ನು ಕಲ್ಚರ್ ಪರೀಕ್ಷೆಗೆ ಕಳಿಸಿದರೆ ಮಾತ್ರ ಹೆಸರು ಗೊತ್ತಾಗುತ್ತದೆ. ಹಾಗಾಗಿ ಸಕ್ಕರೆ ಕಾಯಿಲೆ ಇರುವವರ ಕುರು ಒಂದು ಸುತ್ತಿನ ಔಷಧಕ್ಕೆ ಮಾಯದಿದ್ದರೆ ‘ಕೀವನ್ನು ಕಲ್ಚರ್‌ಗೆ ಕಳಿಸಿ ಡಾಕ್ಟ್ರೇ’ ಎಂದು ನೀವೇ ಕೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ.

ಭಟ್ಕಳ ಬಂದರು, ಕಾಸರಕೋಡ ಟೊಂಕ, ತದಡಿಯ ಮೀನುಗಾರ ಬಂಧುಗಳಿಗೂ ಒಂದು ಮಾತು. ಮೀನಿನ ಮುಳ್ಳು ಚುಚ್ಚುವುದು, ಬಲೆಯ ಹಗ್ಗ ಕೈ ಕೊಯ್ಯುವುದು ನಿಮಗೆ ದಿನನಿತ್ಯದ್ದು. ಬಹುಪಾಲು ಗಾಯ ತಾನಾಗಿ ಮಾಯುತ್ತದೆ. ಆದರೆ ಲಿವರ್ ಕೆಟ್ಟವರಲ್ಲಿ, ಕುಡಿತದಿಂದ ಕೆಟ್ಟಿದ್ದರೂ ಸರಿ, ಕಾಮಾಲೆಯಿಂದ ಕೆಟ್ಟಿದ್ದರೂ ಸರಿ, ಉಪ್ಪುನೀರಿನ ವಿಬ್ರಿಯೋ ಎಂಬ ಬ್ಯಾಕ್ಟೀರಿಯ ಅದೇ ಗಾಯದಿಂದ ರಕ್ತಕ್ಕೆ ಇಳಿಯಬಹುದು. ಒಂದೆರಡು ದಿನದೊಳಗೆ ಕಾಲು ಊದಿ, ತಡೆಯಲಾರದ ನೋವು ಬಂದು, ನೇರಳೆ ಬಣ್ಣದ ನೀರುಗುಳ್ಳೆಗಳು ಏಳುತ್ತವೆ. ಅದು ಕಂಡ ಮೇಲೆ ಅರಿಶಿನ ಹಚ್ಚುತ್ತ ರಾತ್ರಿ ಕಳೆಯಬಾರದು. ಕೂಡಲೇ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು.

ಇನ್ನೊಂದು ತುರ್ತು ಗುರುತನ್ನು ಮನೆಯಲ್ಲೇ ಪರೀಕ್ಷಿಸಬಹುದು. ಮೈಮೇಲೆ ಕೆಂಪು ಅಥವಾ ನೇರಳೆ ಚುಕ್ಕೆಗಳಿದ್ದರೆ ಪಾರದರ್ಶಕವಾದ ಗಾಜಿನ ಲೋಟವನ್ನು ಅದರ ಮೇಲೆ ಒತ್ತಿ ಹಿಡಿಯಿರಿ. ಒತ್ತಿದಾಗ ಬಣ್ಣ ಮಾಸಿದರೆ ಅದು ಹಿಗ್ಗಿದ ರಕ್ತನಾಳದ ಕೆಂಪು. ಮಾಸದೆ ಹಾಗೆಯೇ ನಿಂತರೆ ರಕ್ತ ನಾಳದಿಂದ ಹೊರಗೆ ಜಿನುಗಿದೆ ಎಂದರ್ಥ. ಜ್ವರದ ಜೊತೆ ಇಂಥ ಚುಕ್ಕೆ ಎದ್ದರೆ ಅದು ಡೆಂಗಿ ಇರಬಹುದು, ಮಿದುಳಿನ ಪೊರೆಯ ಸೋಂಕು ತರುವ ಮೆನಿಂಗೊಕಾಕಸ್ ಇರಬಹುದು, ಹೃದಯದ ಕವಾಟದ ಸೋಂಕು ಇರಬಹುದು. ಯಾವುದಾದರೂ ಅಂದೇ ಆಸ್ಪತ್ರೆ ಸೇರಬೇಕಾದದ್ದೇ. ಜ್ವರವಿಲ್ಲದೆ ಮಕ್ಕಳ ಮೊಣಕಾಲಿನ ಕೆಳಗೆ, ಪಿರ್ರೆಯ ಮೇಲೆ ಕೈಗೆ ತಡವುವ ಹಾಗೆ ಉಬ್ಬಿದ ನೇರಳೆ ಚುಕ್ಕೆ ಎದ್ದು, ಹೊಟ್ಟೆನೋವು, ಕೀಲುನೋವು ಬಂದರೆ ಅದು ಸಣ್ಣ ರಕ್ತನಾಳಗಳ ಉರಿಯೂತ. ಹೆಚ್ಚಿನ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಆದರೆ ಕೆಲವರ ಕಿಡ್ನಿಗೆ ಏಟು ಬೀಳುವುದರಿಂದ ಚುಕ್ಕೆ ಹೋದ ಮೇಲೂ ಕೆಲವು ತಿಂಗಳು ಮೂತ್ರ ಪರೀಕ್ಷೆ ಮಾಡಿಸುತ್ತಿರಬೇಕು.

ಇಷ್ಟು ಹೊತ್ತು ಹೇಳಿದ್ದು ಅವಸರದ ಕಾಯಿಲೆಗಳು. ತಿಂಗಳುಗಟ್ಟಲೆ ಸದ್ದಿಲ್ಲದೆ ಬೆಳೆಯುವವು ಇನ್ನೊಂದು ಬಗೆ. ಮುಲಾಮಿನ ಮರೆಯಲ್ಲಿ ಹೆಚ್ಚು ಕಾಲ ಅಡಗುವುದು ಇವೇ.

ಮಲ್ಲಿಗೆ ಕೊಯ್ದು ಕಟ್ಟುವ ಹೆಂಗಸೊಬ್ಬರನ್ನು ಕಣ್ಣ ಮುಂದೆ ತಂದುಕೊಳ್ಳಿ. ವಯಸ್ಸು ಐವತ್ತರ ಆಸುಪಾಸು. ಕಣ್ಣಿನ ಮೇಲ್ರೆಪ್ಪೆ ನೇರಳೆ ಛಾಯೆಗೆ ತಿರುಗಿ ಸ್ವಲ್ಪ ಊದಿದೆ. ಬೆರಳ ಗಿಣ್ಣುಗಳ ಮೇಲೆ, ಸರಿಯಾಗಿ ಗಿಣ್ಣಿನ ನೆತ್ತಿಯಲ್ಲೇ, ಚಪ್ಪಟೆಯಾದ ನೇರಳೆ ಗಂಟುಗಳು. ಗಿಣ್ಣು ಗಿಣ್ಣುಗಳ ನಡುವಿನ ಚರ್ಮ ಮಾತ್ರ ಚೆನ್ನಾಗಿದೆ. ಉಗುರಿನ ಬುಡ ಕೆಂಪಾಗಿದೆ. ಕತ್ತಿನ ಮುಂಭಾಗ, ಬಿಸಿಲು ತಾಗುವ ಭುಜದಲ್ಲಿ ಕಪ್ಪು ಕಲೆ. ‘ತಲೆಗೆ ಹಚ್ಚಿದ ಡೈ ಆಗಿ ಬರಲಿಲ್ಲ’ ಎನ್ನುತ್ತಾರೆ ಒಬ್ಬರು, ‘ಬಂಗು’ ಎನ್ನುತ್ತಾರೆ ಇನ್ನೊಬ್ಬರು. ಈಗ ಅವರನ್ನು ಬೇರೆ ಪ್ರಶ್ನೆ ಕೇಳಬೇಕು. ಬಾವಿಯಿಂದ ಕೊಡ ಎತ್ತಲು ಆಗುತ್ತದೆಯೇ? ನೆಲದಿಂದ ಏಳುವಾಗ ಕೈ ಊರಬೇಕಾಗುತ್ತದೆಯೇ? ಮುಡಿಗೆ ಹೂ ಮುಡಿಯಲು ಕೈ ತಲೆಯವರೆಗೆ ಏರುತ್ತದೆಯೇ? ‘ಇತ್ತೀಚೆಗೆ ಆಗುತ್ತಿಲ್ಲ, ವಯಸ್ಸಾಯಿತಲ್ಲ’ ಎಂಬ ಉತ್ತರ ಬಂದರೆ ಇದು ಡರ್ಮಟೋಮಯೋಸೈಟಿಸ್ ಆಗಿರುವ ಸಾಧ್ಯತೆ ಹೆಚ್ಚು. ಅಂದರೆ ಚರ್ಮ, ಸ್ನಾಯು ಎರಡರಲ್ಲೂ ಉರಿಯೂತ.

ಈ ಕಾಯಿಲೆಗೆ ಇಷ್ಟು ಹೊತ್ತು ತೆಗೆದುಕೊಂಡದ್ದಕ್ಕೆ ಕಾರಣವಿದೆ. ನಡುವಯಸ್ಸು ದಾಟಿದವರಲ್ಲಿ ಇದು ಬಂದಾಗ ಸರಿಸುಮಾರು ಐವರಲ್ಲಿ ಒಬ್ಬರ ದೇಹದಲ್ಲಿ ಎಲ್ಲೋ ಕ್ಯಾನ್ಸರ್ ಅಡಗಿರುತ್ತದೆ. ಅಂಡಾಶಯ, ಸ್ತನ, ಶ್ವಾಸಕೋಶ, ಹೊಟ್ಟೆ, ಮೂಗಿನ ಹಿಂಭಾಗದ ಗಂಟಲು, ಎಲ್ಲಿಯೂ ಇರಬಹುದು. ಕೆಲವೊಮ್ಮೆ ರೆಪ್ಪೆಯ ನೇರಳೆ ಬಣ್ಣ ಮೊದಲು ಬಂದು, ಗಡ್ಡೆ ಕಾಣಿಸಿಕೊಳ್ಳಲು ತಿಂಗಳುಗಳು ಹಿಡಿಯುತ್ತವೆ. ಅಷ್ಟು ಮುಂಚೆ ಸಿಕ್ಕ ಕ್ಯಾನ್ಸರನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುವ ಅವಕಾಶ ಹೆಚ್ಚು. ಆ ತಿಂಗಳುಗಳನ್ನು ಮುಲಾಮಿನಲ್ಲಿ ಕಳೆದರೆ ಆ ಅವಕಾಶವೇ ಕೈತಪ್ಪುತ್ತದೆ.

ಹರೆಯದ ಹೆಣ್ಣುಮಕ್ಕಳಲ್ಲಿ ಕಾಣುವ ಇನ್ನೊಂದು ಗುರುತು ಲೂಪಸ್ ಕಾಯಿಲೆಯದು. ಎರಡು ಕೆನ್ನೆ ಮತ್ತು ಮೂಗಿನ ಏಣಿನ ಮೇಲೆ ಹರಡಿದ ಕೆಂಪು, ಬಿಸಿಲಿಗೆ ಹೋದರೆ ಹೆಚ್ಚಾಗುತ್ತದೆ. ಮೂಗಿನ ಬದಿಯಿಂದ ಬಾಯಿಗೆ ಇಳಿಯುವ ಗೆರೆಯನ್ನು ಅದು ದಾಟುವುದಿಲ್ಲ. ಜೊತೆಗೆ ಕೂದಲು ಉದುರುವುದು, ಬಾಯಿಹುಣ್ಣು, ಬೆಳಗಿನ ಕೀಲುನೋವು. ಈ ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರು. ಕೆನ್ನೆಯ ಕೆಂಪಿಗಿಂತ ಭಯಪಡಬೇಕಾದದ್ದು ಕಿಡ್ನಿಗೆ ಬೀಳುವ ಏಟಿಗೆ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂದು ತಿಳಿಯಲು ಬೇಕಾದ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ. ಮದುವೆಯಾಗಬೇಕಾದ ಹುಡುಗಿ ಎಂದು ಮುಖಕ್ಕೆ ಬಿಳಿಯಾಗುವ ಕ್ರೀಮು ಹಚ್ಚಿಸಿ, ಮೂತ್ರ ಪರೀಕ್ಷೆಗೆ ಕರೆದೊಯ್ಯದ ತಂದೆತಾಯಿಗಳಲ್ಲಿ ನಾನು ಕೈಮುಗಿದು ಕೇಳುತ್ತೇನೆ: ಮೊದಲು ಆ ಪರೀಕ್ಷೆ ಮಾಡಿಸಿ.

ತೊಡೆಸಂದಿನ ದದ್ದು ನಮ್ಮಲ್ಲಿ ತೀರಾ ಸಾಮಾನ್ಯ. ಅದಕ್ಕೆ ಎಲ್ಲರೂ ಗಜಕರ್ಣ ಎನ್ನುತ್ತಾರೆ, ಬಹುಪಾಲು ಅದು ಹೌದು ಕೂಡ. ಆದರೆ ವಿಶ್ವದಲ್ಲೇ ಅಪರೂಪವಾದ ಒಂದು ದದ್ದೂ ಅದೇ ಜಾಗದಲ್ಲಿ ಏಳುತ್ತದೆ. ಕೆಂಪಾಗಿ ಎದ್ದು, ಅಂಚಿನಲ್ಲಿ ನೀರುಗುಳ್ಳೆಯಾಗಿ, ಒಡೆದು ಹಕ್ಕಳೆಗಟ್ಟಿ, ಒಂದು ಕಡೆ ಮಾಯುತ್ತ ಇನ್ನೊಂದು ಕಡೆ ಹರಿಯುತ್ತದೆ. ಬಾಯಿಯ ಮೂಲೆಗಳಲ್ಲೂ ಬಿರಿಯುತ್ತದೆ. ನಾಲಿಗೆ ಕೆಂಪಗೆ ನುಣುಪಾಗುತ್ತದೆ. ಅದರೊಡನೆ ತೂಕ ಇಳಿದು, ಹೊಸದಾಗಿ ಸಕ್ಕರೆ ಕಾಯಿಲೆ ಕಾಣಿಸುತ್ತದೆ. ಇದರ ಮೂಲ ಮೇದೋಜೀರಕ ಗ್ರಂಥಿಯಲ್ಲಿ ಗ್ಲುಕಗಾನ್ ಎಂಬ ಹಾರ್ಮೋನನ್ನು ಅತಿಯಾಗಿ ಸುರಿಸುವ ಒಂದು ಗಡ್ಡೆ. 1942ರಲ್ಲಿ ಬೆಕರ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಈ ನಂಟನ್ನು ಮೊದಲು ದಾಖಲಿಸಿದರು. ಗಡ್ಡೆಯನ್ನು ತೆಗೆದರೆ ವರ್ಷಗಳಿಂದ ಯಾವ ಮುಲಾಮಿಗೂ ಬಗ್ಗದ ದದ್ದು ಕೆಲವೇ ದಿನಗಳಲ್ಲಿ ಮಾಯುತ್ತದೆ. ನಿಮ್ಮ ತುರಿಕೆಗೆಲ್ಲ ಇದೇ ಕಾರಣ ಎಂದು ಹೆದರಬೇಡಿ. ತೂಕ ಇಳಿಯುತ್ತಿದ್ದು, ಸರಿಯಾದ ಶಿಲೀಂಧ್ರದ ಔಷಧಕ್ಕೂ ಗುಣವಾಗದಿದ್ದರೆ ಮಾತ್ರ ಚರ್ಮದ ಒಂದು ಚೂರನ್ನು ತೆಗೆದು ಬಯಾಪ್ಸಿ ಮಾಡಿಸುವ ಮಾತು ಬರುತ್ತದೆ.

ಕತ್ತಿನ ಹಿಂಭಾಗ, ಕಂಕುಳು ಕಪ್ಪಾಗಿ ವೆಲ್ವೆಟ್ಟಿನಂತೆ ದಪ್ಪಗಾಗುವುದನ್ನು ನೀವೆಲ್ಲ ಕಂಡಿದ್ದೀರಿ. ಕೊಳೆ ಎಂದು ಮಕ್ಕಳ ಕತ್ತನ್ನು ತಿಕ್ಕಿ ತಿಕ್ಕಿ ಗಾಯ ಮಾಡುವವರಿದ್ದಾರೆ. ಅದು ಕೊಳೆಯಲ್ಲ. ರಕ್ತದಲ್ಲಿ ಇನ್ಸುಲಿನ್ ಹೆಚ್ಚಾಗಿ, ದೇಹ ಅದರ ಮಾತು ಕೇಳದಿರುವುದರ ಗುರುತು. ತೂಕ ಹೆಚ್ಚಿರುವ ಮಕ್ಕಳಲ್ಲಿ ಮುಂದಿನ ಸಕ್ಕರೆ ಕಾಯಿಲೆಯ ಮುನ್ಸೂಚನೆ. ಊಟ, ಓಟ ಸರಿಯಾದರೆ ಕಪ್ಪು ತಾನಾಗಿ ತಿಳಿಯಾಗುತ್ತದೆ. ಇದೇ ಗುರುತಿಗೆ ಅಪರೂಪದ ಇನ್ನೊಂದು ಮುಖವೂ ಇದೆ. ಸಣಕಲು ಮೈಯ, ವಯಸ್ಸಾದ ವ್ಯಕ್ತಿಯಲ್ಲಿ ಒಮ್ಮೆಲೇ ಈ ಕಪ್ಪು ಹಬ್ಬಿ, ಅಂಗೈಯ ಚರ್ಮವೂ ದಪ್ಪಗೆ ಒರಟಾಗಿ, ತುಟಿ, ಬಾಯೊಳಗೂ ಕಾಣಿಸಿಕೊಂಡು, ಊಟ ಸೇರದಾದರೆ ಜಠರದ ಕ್ಯಾನ್ಸರನ್ನು ಹುಡುಕಬೇಕು. ಗುರುತು ಒಂದೇ ಆದರೂ ಅದನ್ನು ಹೊತ್ತವರು ಯಾರು, ಎಷ್ಟು ವೇಗವಾಗಿ ಬಂತು ಎಂಬುದರ ಮೇಲೆ ಅದರ ಅರ್ಥ ಬೇರೆ.

ಸರ್ಪಸುತ್ತಿಗೆ ಕೆಮ್ಮಣ್ಣು ಬರೆಸುವುದು ನಮ್ಮಲ್ಲಿ ಹಳೆಯ ರೂಢಿ. ಅದು ಚಿಕನ್‌ಪಾಕ್ಸ್ ವೈರಸ್ಸೇ ನರದ ಬೇರಿನಲ್ಲಿ ವರ್ಷಗಟ್ಟಲೆ ಮಲಗಿದ್ದು ಮತ್ತೆ ಎದ್ದದ್ದು. ವೈರಸ್ ವಿರುದ್ಧದ ಮಾತ್ರೆಯನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುಮಾಡಿದರೆ ಫಲ ಹೆಚ್ಚು. ವಯಸ್ಸಾದವರಲ್ಲಿ ಸರ್ಪಸುತ್ತು ಬರುವುದು ಸಹಜ. ಆದರೆ ಮೂವತ್ತರ ಯುವಕನಿಗೆ ಬಂದರೆ, ಅದೂ ಮೈಯ ಎರಡು ಮೂರು ಪಟ್ಟಿಗಳಲ್ಲಿ ಬಂದರೆ, ರೋಗನಿರೋಧಕ ಶಕ್ತಿ ಏಕೆ ಕುಂದಿತು ಎಂದು ಕೇಳಲೇಬೇಕು. ಎಚ್‌ಐವಿ ಪರೀಕ್ಷೆ, ಸಕ್ಕರೆ ಪರೀಕ್ಷೆ ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಆಗುತ್ತವೆ. ಎಚ್‌ಐವಿಗೆ ಔಷಧ ಉಚಿತ, ಬೇಗ ಶುರುಮಾಡಿದವರು ಎಲ್ಲರಂತೆ ದುಡಿದು ಬದುಕುತ್ತಿದ್ದಾರೆ.

ಸ್ಪರ್ಶ ಕಳೆದುಕೊಂಡ ಕಲೆಯ ಬಗ್ಗೆಯೂ ಹೇಳಬೇಕು. ತುರಿಕೆಯಿಲ್ಲದ, ಸುತ್ತಲಿನ ಚರ್ಮಕ್ಕಿಂತ ಸ್ವಲ್ಪ ತಿಳಿಯಾದ ಅಥವಾ ಕೆಂಪಾದ ಮಚ್ಚೆ. ಕಣ್ಣು ಮುಚ್ಚಿಸಿ ಹತ್ತಿಯ ಎಳೆ ತಾಗಿಸಿದರೆ ಗೊತ್ತಾಗುವುದಿಲ್ಲ. ಇದು ಕುಷ್ಠ. ನೋಡಲು ಚರ್ಮದ್ದು, ನಿಜವಾಗಿ ಕೆಡುವುದು ನರ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಎಂಬ ಪಾದ್ರಿ 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ತೆರೆದಾಗ ಗುಣಪಡಿಸುವ ಔಷಧವೇ ಇರಲಿಲ್ಲ. ಈಗ ಇದೆ, ಪೂರ್ತಿ ಉಚಿತ. 2005ರಲ್ಲಿ ದೇಶ ಕುಷ್ಠ ನಿರ್ಮೂಲನೆಯ ಗುರಿ ಮುಟ್ಟಿತೆಂದು ಘೋಷಿಸಿದರೂ ಹೊಸ ರೋಗಿಗಳು ಇಂದಿಗೂ ಸಿಗುತ್ತಿದ್ದಾರೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ಮಚ್ಚೆ ಇದೆಯೇ ಎಂದು ಕೇಳಿದಾಗ ಮುಚ್ಚಿಡಬೇಡಿ. ಬೆರಳು ಮುದುಡುವ ಮುಂಚೆ ಔಷಧ ಸಿಕ್ಕರೆ ಬೆರಳು ಉಳಿಯುತ್ತದೆ.

ಒಮ್ಮೊಮ್ಮೆ ಚರ್ಮ ಇಡೀ ಊರಿನ ಸುದ್ದಿ ಹೇಳುವುದೂ ಉಂಟು. ಯಾದಗಿರಿ ಜಿಲ್ಲೆಯ ಸುರಪುರ ಭಾಗದಲ್ಲಿ, ಹಳೆಯ ಚಿನ್ನದ ಗಣಿಯ ಸಮೀಪ, ಕಿರದಳ್ಳಿ ತಾಂಡಾ ಎಂಬ ಊರಿದೆ. ಅಲ್ಲಿನ ಅನೇಕರ ಅಂಗೈ, ಅಂಗಾಲಿನಲ್ಲಿ ಗಟ್ಟಿ ಗಂಟುಗಳು, ಎದೆ ಬೆನ್ನಿನ ಮೇಲೆ ಕಪ್ಪು ಬಿಳಿ ಚುಕ್ಕೆಗಳು ಎದ್ದವು. ಕಾರಣ ಹುಡುಕಿದಾಗ ಕುಡಿಯುವ ಅಂತರ್ಜಲದಲ್ಲಿ ಆರ್ಸೆನಿಕ್ ಸಿಕ್ಕಿತು. ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಿಷ ಅದು. ಚರ್ಮ, ಶ್ವಾಸಕೋಶ, ಮೂತ್ರಕೋಶಗಳ ಕ್ಯಾನ್ಸರಿಗೆ ಕಾರಣವಾಗುವಂಥದ್ದು. ನೀರಿಗೆ ಬಣ್ಣವಿರಲಿಲ್ಲ, ವಾಸನೆಯಿರಲಿಲ್ಲ. ಬಾವಿಯ ದೋಷವನ್ನು ಮೊದಲು ಹೇಳಿದ್ದು ಆ ಅಂಗೈಗಳು.

ಇನ್ನು ಮುಲಾಮಿನ ಮಾತಿಗೆ ಬರುತ್ತೇನೆ. ಅಂಗಡಿಯಲ್ಲಿ ತುರಿಕೆಗೆಂದು ಕೊಡುವ ಅನೇಕ ಟ್ಯೂಬುಗಳಲ್ಲಿ ಸ್ಟೀರಾಯ್ಡ್, ಶಿಲೀಂಧ್ರದ ಔಷಧ, ಆಂಟಿಬಯೋಟಿಕ್ ಮೂರನ್ನೂ ಬೆರೆಸಿರುತ್ತಾರೆ. ಸ್ಟೀರಾಯ್ಡ್ ಮೊದಲ ದಿನವೇ ಕೆಂಪನ್ನೂ ತುರಿಕೆಯನ್ನೂ ಅಡಗಿಸುತ್ತದೆ, ಹಾಗಾಗಿ ‘ರಾಮಬಾಣ’ ಎಂದು ಹೆಸರು ಮಾಡುತ್ತದೆ. ಆದರೆ ಗಜಕರ್ಣ ಅದರಡಿ ಇನ್ನಷ್ಟು ಹಬ್ಬುತ್ತದೆ, ಅದರ ದುಂಡನೆಯ ಅಂಚು ಅಳಿಸಿಹೋಗಿ ತಜ್ಞರಿಗೂ ಗುರುತು ಸಿಗದಾಗುತ್ತದೆ. ಚರ್ಮ ತೆಳುವಾಗಿ ಬಿರಿಯುತ್ತದೆ. ಒಳಗಿನ ಕಾಯಿಲೆಯ ಗುರುತಿಗೆ ಹಚ್ಚಿದರಂತೂ ಗುರುತು ಅರೆಬರೆ ಮಾಸಿ ಕಾಯಿಲೆ ಒಳಗೇ ಮುಂದುವರಿಯುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಬಿಗಿಗೊಳಿಸಿತು. ಕಾನೂನು ಕಾಗದದಲ್ಲಿದೆ. ಅದನ್ನು ಪಾಲಿಸುವ ಮನಸ್ಸು ಕೊಳ್ಳುವ ನಮಗೂ ಬೇಕು, ಮಾರುವವರಿಗೂ ಬೇಕು.

ನಮ್ಮ ಮೈಬಣ್ಣದ ಬಗ್ಗೆಯೂ ಎಚ್ಚರವಿರಲಿ. ಪುಸ್ತಕಗಳಲ್ಲಿ ‘ಕೆಂಪು’ ಎಂದು ಬರೆದದ್ದು ಹೆಚ್ಚಾಗಿ ಬಿಳಿ ಚರ್ಮವನ್ನು ನೋಡಿ. ಕಂದು ಚರ್ಮದಲ್ಲಿ ಅದೇ ಕೆಂಪು ನೇರಳೆಯಾಗಿ, ಕಪ್ಪಾಗಿ ಕಾಣುತ್ತದೆ, ಕೆಲವೊಮ್ಮೆ ಕಾಣುವುದೇ ಇಲ್ಲ. ಆದ್ದರಿಂದ ಅಂಗೈ, ಅಂಗಾಲು, ಕೆಳರೆಪ್ಪೆಯ ಒಳಗು, ಬಾಯಿಯ ಒಳಗು, ಉಗುರಿನ ಬುಡ, ಇಷ್ಟನ್ನು ಹಗಲು ಬೆಳಕಿನಲ್ಲಿ ನೋಡಬೇಕು. ದದ್ದು ಎದ್ದ ದಿನವೇ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ವೈದ್ಯರ ಬಳಿ ಹೋಗುವ ಹೊತ್ತಿಗೆ ಅದು ಮಾಸಿರಬಹುದು, ಫೋಟೋ ಸಾಕ್ಷಿ ಹೇಳುತ್ತದೆ. ತಿಂದ ಮಾತ್ರೆಗಳ ಪಟ್ಟಿಯನ್ನೂ ಹಚ್ಚಿದ ಟ್ಯೂಬನ್ನೂ ಜೊತೆಗೆ ಒಯ್ಯಿರಿ. ಹೊಸ ಮಾತ್ರೆ ಶುರುಮಾಡಿದ ಮೇಲೆ ಮೈಯೆಲ್ಲ ದದ್ದು ಎದ್ದು ಬಾಯಿ, ಕಣ್ಣು ಹುಣ್ಣಾದರೆ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಿ.

ದೂರದ ಕಷ್ಟ ನನಗೆ ಗೊತ್ತಿದೆ. ಭಟ್ಕಳದಿಂದ ಕಾರವಾರದ ವೈದ್ಯಕೀಯ ಕಾಲೇಜು 100 ಕಿಲೋಮೀಟರಿಗೂ ಹೆಚ್ಚು, ಮಣಿಪಾಲಕ್ಕೂ ಸುಮಾರು 90 ಕಿಲೋಮೀಟರ್. ಒಂದು ದಿನದ ಕೂಲಿ, ಬಸ್ಸಿನ ಖರ್ಚು ಸಣ್ಣ ಮಾತಲ್ಲ. ಜಿಲ್ಲೆಗೆ ಒಳ್ಳೆಯ ಆಸ್ಪತ್ರೆ ಬೇಕೆಂಬ ಜನರ ಕೂಗು ನ್ಯಾಯವಾದದ್ದು. ಅದು ಬರುವವರೆಗೂ ನಮ್ಮ ಕೈಲಿರುವುದನ್ನು ಬಳಸೋಣ. ಇಲ್ಲಿ ಹೇಳಿದ ಹೆಚ್ಚಿನ ಕಾಯಿಲೆಗಳ ಮೊದಲ ಸುಳಿವು ಸಿಗುವುದು ರಕ್ತದ ಕಣಗಳ ಎಣಿಕೆ, ಸಕ್ಕರೆ, ಮೂತ್ರ, ರಕ್ತದೊತ್ತಡ ಎಂಬ ನಾಲ್ಕು ಸಾಮಾನ್ಯ ಪರೀಕ್ಷೆಗಳಲ್ಲಿ. ಅವು ಭಟ್ಕಳ, ಹೊನ್ನಾವರ, ಕುಮಟಾದ ತಾಲೂಕು ಆಸ್ಪತ್ರೆಗಳಲ್ಲೇ ಆಗುತ್ತವೆ. ಇ-ಸಂಜೀವಿನಿಯ ಮೂಲಕ ದೂರದ ವೈದ್ಯರ ಸಲಹೆ ಕೇಳುವ ಅನುಕೂಲವೂ ಇದೆ. ದೊಡ್ಡ ಆಸ್ಪತ್ರೆಗೆ ಹೋಗಬೇಕೇ ಬೇಡವೇ ಎಂಬುದು ಅಲ್ಲಿ ತೀರ್ಮಾನವಾಗಲಿ.

ಮುಗಿಸುವ ಮುನ್ನ ಐದು ಪ್ರಶ್ನೆ. ಮೈಮೇಲೆ ಏನಾದರೂ ಎದ್ದಾಗ ಮನೆಯಲ್ಲೇ ಕೇಳಿಕೊಳ್ಳಿ. ಜೊತೆಗೆ ಜ್ವರ ಇದೆಯೇ? ಗಾಜು ಒತ್ತಿದರೂ ಬಣ್ಣ ಹಾಗೆಯೇ ಉಳಿಯುತ್ತದೆಯೇ? ತೂಕವೋ ಮೈಯ ಬಲವೋ ಇಳಿದಿದೆಯೇ? ಆ ಜಾಗದಲ್ಲಿ ಸ್ಪರ್ಶ ಹೋಗಿದೆಯೇ? ವೈದ್ಯರು ಕೊಟ್ಟ ಔಷಧವನ್ನು ಹೇಳಿದಷ್ಟು ದಿನ ಹಚ್ಚಿದರೂ ಹಾಗೆಯೇ ಉಳಿದಿದೆಯೇ? ಎಲ್ಲಕ್ಕೂ ‘ಇಲ್ಲ’ ಎಂದಾದರೆ ನೆಮ್ಮದಿಯಿಂದ ಇರಿ, ಅದು ಬಹುಶಃ ನಮ್ಮ ಬೆವರಿನ ಕರಾವಳಿಯ ಮಾಮೂಲಿ ತುರಿಕೆ. ಒಂದಕ್ಕಾದರೂ ‘ಹೌದು’ ಎಂದಾದರೆ ಮುಲಾಮು ಬದಿಗಿಟ್ಟು ಹತ್ತಿರದ ಆರೋಗ್ಯ ಕೇಂದ್ರಕ್ಕೆ ನಡೆಯಿರಿ, ಬಟ್ಟೆ ಸರಿಸಿ ಪೂರ್ತಿ ಮೈ ತೋರಿಸಿ. ಈ ಐದು ಪ್ರಶ್ನೆಯನ್ನು ರೇಡಿಯೋ ಕೇಳದ ನೆರೆಮನೆಯವರಿಗೂ ದಾಟಿಸಿ, ಅದರಲ್ಲೂ ಕಾಡಿಗೆ, ಗದ್ದೆಗೆ, ಕಡಲಿಗೆ ದುಡಿಯಲು ಹೋಗುವವರಿಗೆ.